ಜಗಳವಿಲ್ಲದ ದಿನವೂ ಸೇರುವ ಸಮಿತಿ

ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಬಿದ್ದ 1992ರ ಡಿಸೆಂಬರ್ 6ರ ರಾತ್ರಿಯೇ ಮುಂಬಯಿ ಹೊತ್ತಿಕೊಂಡಿತು. ಡಿಸೆಂಬರಿನಲ್ಲಿ ಒಂದು ಸುತ್ತು, ಜನವರಿಯಲ್ಲಿ ಮತ್ತೊಂದು ಸುತ್ತು. ಎರಡೂ ಸೇರಿ ಸತ್ತವರು 900 ಮಂದಿ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗ ಲೆಕ್ಕ ಕೊಟ್ಟಿತು. ಮುಂಬಯಿಯೇ ಹೀಗಾದ ಮೇಲೆ ಪಕ್ಕದ ಭಿವಂಡಿಯ ಗತಿಯೇನು ಎಂಬ ಆತಂಕ ಪೊಲೀಸರಿಗೂ ಇತ್ತು, ಪತ್ರಕರ್ತರಿಗೂ ಇತ್ತು. ಆ ಆತಂಕ ಸುಳ್ಳಾಯಿತು. ಸುಮಾರು ನಲವತ್ತು ಕಿಲೊಮೀಟರ್ ದೂರದಲ್ಲಿ ನಗರ ಉರಿಯುತ್ತಿದ್ದಾಗ ಭಿವಂಡಿ ತಣ್ಣಗಿತ್ತು.

ಆ ಊರಿನ ಇತಿಹಾಸ ಗೊತ್ತಿದ್ದವರು ಇದನ್ನು ಮೊದಲು ನಂಬಲಿಲ್ಲ. ಭಿವಂಡಿ ವಿದ್ಯುತ್ ಮಗ್ಗಗಳ ಊರು. ಹಗಲು ರಾತ್ರಿ ಮಗ್ಗಗಳ ಸದ್ದು, ಒಂದೊಂದು ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವ ಹತ್ತಾರು ಕಾರ್ಮಿಕರು. ಉತ್ತರ ಪ್ರದೇಶದಿಂದ ಬಂದ ಮುಸ್ಲಿಂ ನೇಕಾರರು, ತೆಲುಗು ನಾಡಿನಿಂದ ಬಂದ ಪದ್ಮಶಾಲಿಗಳು, ಸ್ಥಳೀಯ ಮರಾಠಿಗರು, ಎಲ್ಲರೂ ಒಬ್ಬರ ಗೋಡೆಗೆ ಒಬ್ಬರು ಅಂಟಿಕೊಂಡೇ ಬದುಕುವ ಊರು. 1970ರ ಮೇ ತಿಂಗಳಲ್ಲಿ ಶಿವಜಯಂತಿ ಮೆರವಣಿಗೆಯಲ್ಲಿ ಹೊತ್ತಿದ ಕಿಡಿ ಜಳಗಾಂವ್, ಮಹಾಡ್ ತನಕ ಹಬ್ಬಿತ್ತು. ಅದರ ತನಿಖೆಗೆ ಕೂತ ನ್ಯಾಯಮೂರ್ತಿ ಡಿ.ಪಿ. ಮದೋನ್ ಆಯೋಗ ಪೊಲೀಸರ ಪಕ್ಷಪಾತವನ್ನೂ ಎತ್ತಿ ಹೇಳಿತು. 1984ರ ಮೇ ತಿಂಗಳಲ್ಲಿ ಅದೇ ಊರಿನಿಂದ ಎದ್ದ ಗಲಭೆ ಠಾಣೆ, ಮುಂಬಯಿಗಳನ್ನೂ ಸುಟ್ಟು ಇನ್ನೂರೈವತ್ತಕ್ಕೂ ಹೆಚ್ಚು ಜೀವ ತೆಗೆದುಕೊಂಡಿತು. ಅಂಥ ಊರು 1992ರಲ್ಲಿ ಸುಮ್ಮನಿತ್ತೆಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಕಾರಣ ಹುಡುಕಲು 1988ಕ್ಕೆ ಹೋಗಬೇಕು. ಆ ವರ್ಷ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಭಿವಂಡಿಗೆ ಡಿಸಿಪಿಯಾಗಿ ಬಂದರು. ಹೊಸ ಅಧಿಕಾರಿ ಬಂದರೆ ಊರ ಗಣ್ಯರು ಹಾರ ಹಿಡಿದು ಬರುವುದು ವಾಡಿಕೆ. ಯಾವ ಕೋಮಿಗೆ ಯಾರು ಮುಖಂಡರು ಎಂಬ ಪಟ್ಟಿಯೂ ಠಾಣೆಯಲ್ಲಿ ತಯಾರಿರುತ್ತದೆ, ಗಲಾಟೆಯಾದರೆ ಅವರನ್ನೇ ಕರೆಸುವುದು. ಖೋಪಡೆ ಹಳೆಯ ಗಲಭೆಗಳ ಕಡತ ತೆಗೆಸಿ ಓದಿದರು, ಆ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಮುಖಂಡರ ಬದಲು ಮೊಹಲ್ಲಾಗಳಿಗೇ ಹೋಗಿ ಸುಮಾರು 70 ಸಮಿತಿಗಳನ್ನು ಕಟ್ಟಿದರು. ಪ್ರತಿ ಸಮಿತಿಯಲ್ಲೂ ಹಿಂದೂಗಳು, ಮುಸ್ಲಿಮರು ಸಮಸಮ. ಮಗ್ಗದ ಕಾರ್ಮಿಕ, ಅಂಗಡಿಯವ, ಮೇಷ್ಟ್ರು, ಡಾಕ್ಟರು ಇಂಥವರು ಬೇಕು. ರಾಜಕೀಯ ಪುಢಾರಿಗಳು ಬೇಡ, ಪುಂಡರಂತೂ ಬೇಡವೇ ಬೇಡ. ಠಾಣೆಯ ಪೊಲೀಸರೂ ಅವರ ಜೊತೆಯಲ್ಲೇ ಕೂರಬೇಕು.

ಕೂತು ಏನು ಮಾಡಬೇಕು? ಇಲ್ಲಿದೆ ಗುಟ್ಟು. ಧರ್ಮಗಳ ಸಾಮರಸ್ಯದ ಬಗ್ಗೆ ಭಾಷಣಕ್ಕೆ ಅಲ್ಲಿ ಜಾಗವಿರಲಿಲ್ಲ. ನಲ್ಲಿಯಲ್ಲಿ ಯಾರ ಕೊಡ ಮೊದಲು, ಯಾರ ಮನೆಯ ಕೊಳೆನೀರು ಯಾರ ಹೊಸ್ತಿಲಿಗೆ ಹರಿಯುತ್ತದೆ, ಯಾರ ಹುಡುಗ ಯಾರ ಹುಡುಗನಿಗೆ ಹೊಡೆದ, ಯಾರು ಕುಡಿದು ಬಂದು ಬೀದಿಯಲ್ಲಿ ಕೂಗಾಡಿದರು, ಇಂಥವೇ ವಿಷಯ. ಇವನ್ನು ಅಲ್ಲೇ, ಅವತ್ತೇ ಮುಗಿಸುವುದು. ಎಷ್ಟೋ ಸಭೆಗಳಲ್ಲಿ ಧರ್ಮದ ಮಾತೇ ಬರುತ್ತಿರಲಿಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಗಲಭೆ ಹುಟ್ಟುವ ಬಗೆ ನೋಡಿ. ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಜಗಳವಾಡುತ್ತಾರೆ. ಇಬ್ಬರೂ ಒಂದೇ ಧರ್ಮದವರಾದರೆ ಸಂಜೆಯ ಹೊತ್ತಿಗೆ ಮಾತು ಬಿಟ್ಟು, ನಾಡಿದ್ದಿಗೆ ಮಾತು ಸೇರಿಸುತ್ತಾರೆ. ಬೇರೆ ಧರ್ಮದವರಾದರೆ ಆ ಜಗಳಕ್ಕೆ ಸಂಜೆಯೊಳಗೆ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ‘ನಮ್ಮ ಹೆಂಗಸಿನ ಮೈಮೇಲೆ ಕೈ ಮಾಡಿದರಂತೆ’ ಎನ್ನುವಷ್ಟಕ್ಕೆ ಸುದ್ದಿ ಬೆಳೆಯುತ್ತದೆ. ಅದನ್ನು ಬೆಳೆಸುವುದೇ ಕಸುಬಾದ ಮಂದಿ ಎಲ್ಲ ಊರಲ್ಲೂ ಇದ್ದಾರೆ. ನಲ್ಲಿಯ ಜಗಳವನ್ನು ನಲ್ಲಿಯ ಜಗಳವಾಗಿಯೇ ಮುಗಿಸುವವರು ಯಾರಾದರೂ ಇದ್ದರೆ ಆ ಮಂದಿಗೆ ಕೆಲಸವಿಲ್ಲ.

1992ರ ಡಿಸೆಂಬರ್ ಹೊತ್ತಿಗೆ ಖೋಪಡೆ ಭಿವಂಡಿಯಲ್ಲಿರಲಿಲ್ಲ, ವರ್ಗವಾಗಿತ್ತು. ಅವರ ಜಾಗದಲ್ಲಿ ಗುಲಾಬರಾವ್ ಪೋಳ್ ಇದ್ದರು. ಕಟ್ಟಿದ ಅಧಿಕಾರಿ ಹೋದ ಮೇಲೂ ಸಮಿತಿಗಳು ನಿಂತವು, ಬಂದ ಅಧಿಕಾರಿ ಅವುಗಳನ್ನು ಮುರಿಯಲಿಲ್ಲ. ಮುಂಬಯಿಯಿಂದ ದಿನಕ್ಕೊಂದು ವದಂತಿ ಬರುತ್ತಿದ್ದಾಗ ಭಿವಂಡಿಯವರಿಗೆ ಅದನ್ನು ಕೇಳಿ ತಿಳಿಯಲು ಪಕ್ಕದ ಬೀದಿಯಲ್ಲಿ ಪರಿಚಯದ ಒಂದು ಮುಖವಿತ್ತು. ನಾಲ್ಕು ವರ್ಷ ನಲ್ಲಿ, ಚರಂಡಿ ಎಂದು ಒಟ್ಟಿಗೆ ಕೂತು ತಲೆಕೆಡಿಸಿಕೊಂಡಿದ್ದ ಮುಖ ಅದು. ಆ ಪರಿಚಯವನ್ನು ಗಲಭೆಯ ದಿನ ಸಂಪಾದಿಸಲಾಗುವುದಿಲ್ಲ. ಮೊದಲೇ ಕೂಡಿಟ್ಟವರಿಗೆ ಮಾತ್ರ ಅವತ್ತು ಅದು ಕೈಗೆ ಸಿಗುತ್ತದೆ.

ಈ ವಾರದ ಅಂಕಣದ ಮಾತು ಇಷ್ಟೇ. ಗಲಭೆಯಾದ ಊರಿನಲ್ಲಿ ಶಾಂತಿ ಉಳಿಯುವುದು ಜಗಳವಿಲ್ಲದ ದಿನವೂ ಸೇರುವ ಜನರಿಂದ. ಒಪ್ಪಂದಕ್ಕೆ ಸಹಿ ಹಾಕುವವರು, ಕರ್ಫ್ಯೂ ವಿಧಿಸುವವರು, ಪರಿಹಾರ ಘೋಷಿಸುವವರು ಬೇಕು, ಅನುಮಾನವೇ ಇಲ್ಲ. ಆದರೆ ಅವರು ಬಂದು ಹೋಗುವವರು. ಇದ್ದು ಬದುಕಬೇಕಾದವರು ಬೀದಿಯವರು. ನಾಗರಿಕ ಸಮಾಜ ಎಂಬ ಭಾರಿ ಹೆಸರು ಹೊತ್ತಿರುವುದು ಅವರೇ.

ಇದು ಒಂದು ಊರಿನ ಅದೃಷ್ಟದ ಕಥೆ ಎನ್ನುವವರಿಗೆ ಒಂದು ಅಧ್ಯಯನವಿದೆ. ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಮತ್ತು ಸ್ಟೀವನ್ ವಿಲ್ಕಿನ್ಸನ್ 1950ರಿಂದ 1995ರವರೆಗಿನ ಹಿಂದೂ–ಮುಸ್ಲಿಂ ಗಲಭೆಗಳ ಲೆಕ್ಕ ತೆಗೆದರು. ಸಾವಿನಲ್ಲಿ ಹಳ್ಳಿಗಳ ಪಾಲು ನೂರಕ್ಕೆ ನಾಲ್ಕೂ ಇರಲಿಲ್ಲ. ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಕೇವಲ ಎಂಟು ನಗರಗಳವರು. ದೇಶವೆಲ್ಲ ಹಿಂದೂ–ಮುಸ್ಲಿಂ ದ್ವೇಷದಲ್ಲಿ ಕುದಿಯುತ್ತಿದೆ ಎಂಬ ಮಾತು ಇಲ್ಲಿಗೇ ಅರ್ಧ ಬಿದ್ದುಹೋಯಿತು. ಉಳಿದ ಪ್ರಶ್ನೆ, ಜನಸಂಖ್ಯೆಯ ಪ್ರಮಾಣ ಒಂದೇ ರೀತಿ ಇರುವ ಎರಡು ಊರುಗಳಲ್ಲಿ ಒಂದು ಹೊತ್ತಿ ಉರಿದರೆ ಇನ್ನೊಂದು ಯಾಕೆ ಉರಿಯುವುದಿಲ್ಲ?

2002ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ವಾರ್ಷ್ಣೇಯ ಅಲಿಗಢ ಮತ್ತು ಕಲ್ಲಿಕೋಟೆಗಳನ್ನು ಎದುರುಬದುರು ಇಟ್ಟು ನೋಡಿದರು. ಕಲ್ಲಿಕೋಟೆಯಲ್ಲಿ ನೂರಕ್ಕೆ ಸುಮಾರು 83 ಮಂದಿ, ಎರಡೂ ಧರ್ಮದವರು ಆಗಾಗ ಒಟ್ಟಿಗೆ ಕೂತು ಉಣ್ಣುತ್ತೇವೆ ಎಂದರು. ಅಲಿಗಢದಲ್ಲಿ ಹಾಗೆ ಹೇಳಿದವರು 54. ಮಕ್ಕಳು ಒಟ್ಟಿಗೆ ಆಡುತ್ತಾರೆ ಎಂದವರು ಕಲ್ಲಿಕೋಟೆಯಲ್ಲಿ 90, ಅಲಿಗಢದಲ್ಲಿ 42. ಅವರು ಅಷ್ಟಕ್ಕೆ ನಿಲ್ಲಲಿಲ್ಲ. ಒಟ್ಟಿಗೆ ಉಣ್ಣುವುದು ಒಳ್ಳೆಯದೇ, ಆದರೆ ದೊಡ್ಡ ಊರಿನಲ್ಲಿ ಅದು ಸಾಲದು. ವರ್ತಕರ ಸಂಘ, ಕಾರ್ಮಿಕ ಸಂಘ, ವಾಚನಾಲಯ, ಕ್ರೀಡಾ ಕ್ಲಬ್ಬು ಹೀಗೆ ಎರಡೂ ಕಡೆಯವರ ಹಣ, ಹಿತ, ಕೆಲಸ ಒಂದೇ ರಿಜಿಸ್ಟರಿನಲ್ಲಿ ಇರಬೇಕು ಎಂಬುದು ಅವರು ತಲುಪಿದ ತೀರ್ಮಾನ. ವಿಶ್ವಾಸದಲ್ಲಿ ಉಂಡ ಊಟಕ್ಕೆ ವದಂತಿಯ ರಾತ್ರಿ ಅಷ್ಟು ಬಲವಿರುವುದಿಲ್ಲ. ಒಟ್ಟಿಗೆ ಹೂಡಿದ ಬಂಡವಾಳಕ್ಕೆ ಇರುತ್ತದೆ.

ಸೂರತ್ತಿನ ಉದಾಹರಣೆ ಇನ್ನೂ ಚುರುಕು. 1992ರ ಡಿಸೆಂಬರಿನಲ್ಲಿ ಅಲ್ಲಿಯೂ ಭೀಕರ ಹಿಂಸೆ ನಡೆಯಿತು. ಆದರೆ ಸತ್ತವರಲ್ಲಿ ಬಹುತೇಕ ಎಲ್ಲರೂ ಹೊರವಲಯದ ಕೊಳೆಗೇರಿಗಳವರು. ಹಿಂದೂ, ಮುಸ್ಲಿಂ ವ್ಯಾಪಾರಿಗಳು ತಲೆಮಾರುಗಳಿಂದ ಒಂದೇ ವ್ಯವಹಾರದಲ್ಲಿದ್ದ ಹಳೆ ಪೇಟೆ ಹೆಚ್ಚುಕಡಿಮೆ ಉಳಿದುಕೊಂಡಿತು. ಹೊರವಲಯದಲ್ಲಿದ್ದವರು ಎಲ್ಲೆಲ್ಲಿಂದಲೋ ದುಡಿಯಲು ಬಂದವರು. ಅವರನ್ನು ಒಂದೆಡೆ ಕೂರಿಸುವ ಸಂಘವೂ ಇರಲಿಲ್ಲ, ಪಕ್ಕದ ಜೋಪಡಿಯವನ ಹೆಸರೂ ಗೊತ್ತಿರಲಿಲ್ಲ. ಊರು ಒಂದೇ, ಸರ್ಕಾರ ಒಂದೇ, ಪೊಲೀಸ್ ಕಮಿಷನರ್ ಒಬ್ಬರೇ. ಬೇರೆಯಿದ್ದದ್ದು ಜನರ ನಡುವಿನ ವ್ಯವಹಾರ.

ಬೆಂಕಿ ಆರಿದ ಮೇಲೆ ಮುಂಬಯಿ ಭಿವಂಡಿಯಿಂದ ಪಾಠ ಕಲಿಯಿತು. ಮಾಜಿ ಪೊಲೀಸ್ ಮುಖ್ಯಸ್ಥ ಜೂಲಿಯೊ ರಿಬೇರೊ, ಆಗಿನ ಕಮಿಷನರ್ ಸತೀಶ್ ಸಾಹ್ನಿ, ಸಮಾಜ ಕಾರ್ಯಕರ್ತೆ ಸುಶೋಭಾ ಬರ್ವೆ ಮೊದಲಾದವರು ಮೊಹಲ್ಲಾ ಕಮಿಟಿ ಚಳವಳಿ ಶುರು ಮಾಡಿದರು. ಅದರಲ್ಲಿ ಒಂದು ಉಪಾಯ ಸೊಗಸಾದದ್ದು. ಗಲಭೆ ನಡೆದ ಬಡಾವಣೆಗಳ ಹುಡುಗರನ್ನು ಸೇರಿಸಿ ‘ಶಾಂತಿಗಾಗಿ ಕ್ರಿಕೆಟ್’ ಎಂದು ಪಂದ್ಯ ಆಡಿಸಿದರು, ಪೊಲೀಸರೂ ಮೈದಾನಕ್ಕಿಳಿದರು. ನಿನ್ನೆ ಲಾಠಿ ಬೀಸಿದವನಿಗೆ ಇವತ್ತು ಬೌಲಿಂಗ್ ಮಾಡುವ ಹುಡುಗನಿಗೆ ಪೊಲೀಸರ ಮೇಲೆ ಪ್ರೀತಿ ಉಕ್ಕಿಬಿಡುತ್ತದೆಂದಲ್ಲ. ಆದರೆ ಇಬ್ಬರಿಗೂ ಪರಸ್ಪರರ ಹೆಸರು ಗೊತ್ತಾಗುತ್ತದೆ. ಠಾಣೆಗೆ ಹೋಗಲು ಹೆದರುವ ಬೀದಿಗೆ ಅಷ್ಟೂ ದೊಡ್ಡ ಸಂಗತಿ.

ಧಾರಾವಿಯಲ್ಲಿ ಸಿದ್ಧ ಉಡುಪಿನ ವ್ಯಾಪಾರಿ ವಕಾರ್ ಖಾನ್ ಮತ್ತು ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಭಾವು ಕೊರ್ಡೆ ಜೊತೆಗೂಡಿದರು. ಹಿಂದೂ, ಮುಸ್ಲಿಂ, ಸಿಖ್, ಕ್ರೈಸ್ತ ವೇಷ ತೊಟ್ಟ ನಾಲ್ಕು ಮಕ್ಕಳ ಫೋಟೊ ತೆಗೆಸಿ ‘ಹಮ್ ಸಬ್ ಏಕ್ ಹೈಂ’ ಎಂದು ಪೋಸ್ಟರ್ ಮಾಡಿ ಮುಂಬಯಿ ತುಂಬ ಹಂಚಿದರು. ಕಲಾವಿಮರ್ಶಕರು ಆ ಪೋಸ್ಟರ್ ನೋಡಿ ಮೂಗು ಮುರಿಯಬಹುದು. ಪೊಲೀಸ್ ಠಾಣೆಗಳ ಗೋಡೆಗೆ ಅದು ಏರಿತು ಎಂಬುದು ನನಗೆ ಮುಖ್ಯ. ಗೋಡೆಗಿಂತ ಮುಖ್ಯವಾದದ್ದು, ಊರಿಗೆ ಊರೇ ಅನುಮಾನದಲ್ಲಿದ್ದ ಕಾಲದಲ್ಲಿ ಆ ಇಬ್ಬರೂ ಒಟ್ಟಿಗೆ ಬೀದಿ ಬೀದಿ ತಿರುಗಿದ್ದು.

ಇಷ್ಟು ಹೇಳಿ ನಿಲ್ಲಿಸಿದರೆ ಅಂಕಣ ಸಿಹಿಯಾಗಿ ಮುಗಿಯುತ್ತದೆ, ಆದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. ಮೊಹಲ್ಲಾ ಸಮಿತಿಗಳಿಗೆ ಆಗದ ಕೆಲಸಗಳೂ ಇವೆ.

ಮೊದಲನೆಯದು ನ್ಯಾಯ. ಶ್ರೀಕೃಷ್ಣ ಆಯೋಗದ ವರದಿ 1998ರಲ್ಲಿ ಬಂತು. ಅದು 31 ಪೊಲೀಸರನ್ನು ಹೆಸರಿಸಿ ಕ್ರಮ ಜರುಗಿಸಲು ಹೇಳಿತ್ತು. ಮುಂದೇನಾಯಿತು ಎಂದು ವಿವರಿಸುವ ಅಗತ್ಯವಿಲ್ಲ, ಆಯೋಗಗಳ ವರದಿಗೆ ನಮ್ಮಲ್ಲಿ ಆಗುವುದೇ ಅದಕ್ಕೂ ಆಯಿತು. ಮುಂಬಯಿ ಗಲಭೆಯಲ್ಲಿ ಕಾಣೆಯಾದವರೆಂದು ದಾಖಲಾದ 168 ಮಂದಿಯಲ್ಲಿ 60 ಕುಟುಂಬಗಳಿಗೆ ಮಾತ್ರ ಪರಿಹಾರ ಸಿಕ್ಕಿತ್ತು. ಉಳಿದ 108 ಕುಟುಂಬಗಳನ್ನು ಹುಡುಕಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2022ರ ನವೆಂಬರಿನಲ್ಲಿ, ಘಟನೆ ನಡೆದು ಮೂವತ್ತು ವರ್ಷಕ್ಕೆ. ಸರ್ಕಾರ ಕಾನೂನು ಸುವ್ಯವಸ್ಥೆ ಕಾಪಾಡುವಲ್ಲಿ ಸೋತಿತ್ತು ಎಂದೂ ಕೋರ್ಟು ಹೇಳಿತು. ಗಂಡ ಮನೆಗೆ ಬರಲಿಲ್ಲ, ಹೆಣವೂ ಸಿಗಲಿಲ್ಲ, ಸರ್ಕಾರದ ಕಾಗದದಲ್ಲಿ ಬದುಕಿಲ್ಲ, ಸತ್ತೂ ಇಲ್ಲ. ಅಂಥ ಹೆಂಗಸಿನ ಹತ್ತಿರ ಹೋಗಿ ‘ಅಕ್ಕಾ, ಆದದ್ದಾಯಿತು, ಮರೆತುಬಿಡಿ’ ಎನ್ನುವ ಶಾಂತಿ ಸಮಿತಿಗೆ ಆ ಮಾತಾಡುವ ಹಕ್ಕಿಲ್ಲ. ಅವಳ ಅರ್ಜಿ ಬರೆದುಕೊಟ್ಟು, ಕಚೇರಿಗೆ ಜೊತೆಯಲ್ಲಿ ಹೋಗಿ, ಸಾಕ್ಷಿ ಹೇಳುವ ದಿನ ಕೋರ್ಟಿನ ಪಡಸಾಲೆಯಲ್ಲಿ ಪಕ್ಕದಲ್ಲಿ ಕೂತರೆ ಆಗ ಅದು ಶಾಂತಿಯ ಕೆಲಸ.

ಎರಡನೆಯದು ಸರ್ಕಾರದ ಮನಸ್ಸು. ವಾರ್ಷ್ಣೇಯರ ಜೊತೆ ಅಂಕಿಅಂಶ ಕೂಡಿಸಿದ ವಿಲ್ಕಿನ್ಸನ್ ಅವರೇ 2004ರ ತಮ್ಮ ಪುಸ್ತಕದಲ್ಲಿ ಬೇರೆ ಮಾತು ಹೇಳಿದರು. ಗಲಭೆ ನಿಲ್ಲುವುದೂ ಬೆಳೆಯುವುದೂ ಪೊಲೀಸರಿಗೆ ಮೇಲಿನಿಂದ ಏನು ಆದೇಶ ಬರುತ್ತದೆ ಎಂಬುದರ ಮೇಲೆ. ಆ ಆದೇಶ ಮತದ ಲೆಕ್ಕಾಚಾರದ ಮೇಲೆ. ಅಲ್ಪಸಂಖ್ಯಾತರ ಮತ ಬೇಕಾದ ಸರ್ಕಾರ ಗಲಭೆ ಹತ್ತಿಕ್ಕುತ್ತದೆ, ಬೇಡವಾದ ಸರ್ಕಾರ ಕೈಕಟ್ಟಿ ಕೂರುತ್ತದೆ ಎಂಬುದು ಅವರ ವಾದದ ಸಾರ. ಇದನ್ನು ತಳ್ಳಿಹಾಕುವಂತಿಲ್ಲ. ಆಳುವವರೇ ಬೆಂಕಿ ಬೇಕೆಂದರೆ ಬೀದಿಯ ಸಮಿತಿ ಎಷ್ಟು ಹೊತ್ತು ತಡೆದೀತು? ಆದರೂ ಒಂದು ಮಾತು ಉಳಿಯುತ್ತದೆ. ಬೆಂಕಿ ಬೇಕೆನ್ನುವವರಿಗೆ ಒಣಗಿದ ಊರೂ ಬೇಕು. ಊರನ್ನು ಒಣಗಲು ಬಿಡದಿರುವುದು ನಮ್ಮ ಕೈಯಲ್ಲಿದೆ.

ಮೂರನೆಯದನ್ನು ಭಿವಂಡಿಯೇ ಕಲಿಸಿತು. 2006ರ ಜುಲೈನಲ್ಲಿ ಸ್ಮಶಾನವೊಂದರ ಪಕ್ಕದ ಜಾಗದಲ್ಲಿ ಪೊಲೀಸ್ ಠಾಣೆ ಕಟ್ಟುವ ವಿಷಯಕ್ಕೆ ಜನರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಪೊಲೀಸರ ಗುಂಡಿಗೆ ಇಬ್ಬರು ಸತ್ತರು, ಅದೇ ರಾತ್ರಿ ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಗುಂಪು ಕೊಂದಿತು. ಇದು ಹಿಂದೂ–ಮುಸ್ಲಿಂ ಗಲಭೆಯಾಗಿರಲಿಲ್ಲ, ಅಷ್ಟರ ಮಟ್ಟಿಗೆ ಹಳೆಯ ಕೆಲಸ ಉಳಿದಿತ್ತೆನ್ನಬಹುದು. ಆದರೆ ಪೊಲೀಸರೂ ಬೀದಿಯವರೂ ಒಟ್ಟಿಗೆ ಕೂರುತ್ತಿದ್ದ ಚಾಪೆ ಅಷ್ಟರಲ್ಲಿ ಸುತ್ತಿಟ್ಟಾಗಿತ್ತು, ಸಮಿತಿಗಳಿಗೆ ಹಿಂದಿನ ಕಸುವು ಉಳಿದಿರಲಿಲ್ಲ. ಇಪ್ಪತ್ತು ವರ್ಷ ಗಲಭೆಯಾಗಿಲ್ಲ, ಇನ್ನೇಕೆ ಸಭೆ ಎಂದು ಅಧಿಕಾರಿಗಳಿಗೆ ಅನ್ನಿಸಿದಾಗಲೇ ಸಭೆ ಹೆಚ್ಚು ಬೇಕಾಗಿರುತ್ತದೆ.

ಪೊಲೀಸರನ್ನು ಜೊತೆಗೆ ಕೂರಿಸಿಕೊಳ್ಳುವುದು ಎಲ್ಲ ಕಡೆಯೂ ಸಾಧ್ಯವಿಲ್ಲ ಎಂಬುದನ್ನೂ ಸೇರಿಸಬೇಕು. ನಾಗಾಲ್ಯಾಂಡಿನಲ್ಲಿ ಸರ್ಕಾರವೇ ಸಂಘರ್ಷದ ಒಂದು ಪಕ್ಷ. ಅಲ್ಲಿ ನಡುವೆ ನಿಂತವರು ತಾಯಂದಿರು ಮತ್ತು ಚರ್ಚು. 1984ರಲ್ಲಿ ಹುಟ್ಟಿದ ನಾಗಾ ತಾಯಂದಿರ ಸಂಘ ಹತ್ತು ವರ್ಷದ ಮೇಲೆ ‘ಇನ್ನು ರಕ್ತ ಹರಿಸಬೇಡಿ’ ಎಂಬ ಅಭಿಯಾನಕ್ಕಿಳಿಯಿತು. ಸತ್ತವನು ಯಾವ ಬಣದವನು ಎಂದು ಕೇಳಲಿಲ್ಲ. ಸರ್ಕಾರಕ್ಕೂ ಹೇಳಿದರು, ಬಂದೂಕು ಹಿಡಿದ ತಮ್ಮ ಮಕ್ಕಳಿಗೂ ಹೇಳಿದರು. 1997ರಲ್ಲಿ ಕೇಂದ್ರದೊಂದಿಗೆ ಕದನವಿರಾಮವಾಯಿತು. ಆದರೆ ನಾಗಾ ಬಣಗಳು ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳುವುದು ನಿಲ್ಲಲಿಲ್ಲ. ದಿಲ್ಲಿಯ ಮೇಜಿನ ಮೇಲೆ ಆದ ಒಪ್ಪಂದ ದೀಮಾಪುರದ ಬೀದಿಯಲ್ಲಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕೊಲ್ಲುವುದನ್ನು ತಡೆಯಲಿಲ್ಲ.

ಆಗ 2008ರಲ್ಲಿ ರೆವರೆಂಡ್ ವಾಟಿ ಐಯರ್ ಮುಂದಾಳತ್ವದಲ್ಲಿ ನಾಗಾ ಸಮನ್ವಯ ವೇದಿಕೆ ಹುಟ್ಟಿತು. ಆ ವರ್ಷ ಕೊಹಿಮಾದಲ್ಲಿ ಬೇರೆ ಬೇರೆ ಭೂಗತ ಬಣಗಳವರನ್ನು ಒಂದೇ ತಂಡದಲ್ಲಿ ಸೇರಿಸಿ, ನಾಗಾ ಬುಡಕಟ್ಟುಗಳ ಒಕ್ಕೂಟವಾದ ನಾಗಾ ಹೊಹೊದ ತಂಡದ ಎದುರು ಫುಟ್‌ಬಾಲ್ ಆಡಿಸಿದರು. ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದವರು ಒಂದೇ ಬಣ್ಣದ ಜೆರ್ಸಿ ತೊಟ್ಟು ಒಬ್ಬರಿಗೊಬ್ಬರು ಪಾಸ್ ಕೊಟ್ಟರು. 2009ರ ಜೂನ್‌ನಲ್ಲಿ ಸಮನ್ವಯದ ಒಡಂಬಡಿಕೆಗೆ ಸಹಿ ಬಿತ್ತು. ಅಂತಿಮ ರಾಜಕೀಯ ಒಪ್ಪಂದ ಇನ್ನೂ ಬಾಕಿಯಿದೆ. ಆದರೂ ನಡುವಿನ ಅಷ್ಟು ವರ್ಷ ಎಷ್ಟೋ ಮನೆಗಳಲ್ಲಿ ಹೆಣ ಬೀಳದಂತೆ ನೋಡಿಕೊಂಡವರ ಹೆಸರನ್ನು ಯಾವ ಒಪ್ಪಂದದಲ್ಲೂ ಯಾರೂ ಬರೆಯುವುದಿಲ್ಲ.

ದೂರದ ಉತ್ತರ ಐರ್ಲೆಂಡಿನಿಂದಲೂ ಒಂದು ಉದಾಹರಣೆ. ಮೂವತ್ತು ವರ್ಷದಲ್ಲಿ 3,500ಕ್ಕೂ ಹೆಚ್ಚು ಜೀವ ತೆಗೆದ ಸಂಘರ್ಷಕ್ಕೆ 1998ರ ಏಪ್ರಿಲ್ 10ರ ಒಪ್ಪಂದ ತೆರೆ ಎಳೆಯಿತು ಎಂದು ನಾವೆಲ್ಲ ಓದಿದ್ದೇವೆ. ಆದರೆ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ ಬೀದಿಗೂ ಪ್ರಾಟೆಸ್ಟೆಂಟ್ ಬೀದಿಗೂ ನಡುವೆ ಎತ್ತರದ ಗೋಡೆಗಳು ಇವತ್ತಿಗೂ ಇವೆ. ಆ ಗೋಡೆಗಳ ಎರಡೂ ಬದಿಯ ಸಮುದಾಯ ಕಾರ್ಯಕರ್ತರು ಮೊಬೈಲ್ ಫೋನು ಬಂದ ಹೊಸದರಲ್ಲೇ ಒಂದು ಜಾಲ ಮಾಡಿಕೊಂಡರು. ಈ ಬದಿಯ ಹುಡುಗರು ಕಲ್ಲು ಕೂಡಿಸುತ್ತಿದ್ದಾರೆಂದು ಕಂಡರೆ ಈ ಬದಿಯವನು ಆ ಬದಿಯವನಿಗೆ ಫೋನ್ ಮಾಡುತ್ತಾನೆ: ‘ನಿಮ್ಮ ಹುಡುಗರನ್ನು ಒಳಗೆ ಕರೆಯಿರಿ, ನಮ್ಮವರನ್ನು ನಾನು ನೋಡಿಕೊಳ್ಳುತ್ತೇನೆ.’ ಪೊಲೀಸ್ ಜೀಪು ಬರುವಷ್ಟರಲ್ಲಿ ಹುಡುಗರು ಚದುರಿರುತ್ತಾರೆ.

2002ರಿಂದ 2007ರವರೆಗೆ ಅಲ್ಲಿನ ಶಾಸನಸಭೆ ಅಮಾನತಿನಲ್ಲಿತ್ತು. ಸ್ಥಳೀಯ ಸರ್ಕಾರವೇ ಇರಲಿಲ್ಲ, ಫೋನುಗಳು ಇದ್ದವು. ಹಾಗೆಂದು ಎಲ್ಲವೂ ಸುಸೂತ್ರ ಎನ್ನುವಂತಿಲ್ಲ. 2021ರ ಏಪ್ರಿಲ್‌ನಲ್ಲಿ ಅದೇ ಗೋಡೆಯ ಬಾಗಿಲಲ್ಲಿ ಹುಡುಗರು ಪೆಟ್ರೋಲ್ ಬಾಂಬು ಎಸೆದರು. 2024ರ ಆಗಸ್ಟ್‌ನಲ್ಲಿ ಬೆಲ್‌ಫಾಸ್ಟ್‌ನ ಗುಂಪುಗಳು ವಲಸಿಗರ ಅಂಗಡಿಗಳ ಮೇಲೆ ಬಿದ್ದವು. ಹಳೆಯ ಎರಡು ಪಂಗಡಗಳಿಗೆಂದು ಕಟ್ಟಿದ ಜಾಲದಲ್ಲಿ ಹೊಸದಾಗಿ ಬಂದವರಿಗೆ ಜಾಗ ಮಾಡಿಕೊಡದಿದ್ದರೆ ಆಗುವುದು ಇದೇ. ಸಮಿತಿಯ ಸದಸ್ಯರ ಪಟ್ಟಿಯನ್ನು ಆಗಾಗ ತಿದ್ದುತ್ತಿರಬೇಕು.

ಇನ್ನು ನಮ್ಮ ಶಾಂತಿ ಸಭೆಗೆ ಬರೋಣ. ಗಣೇಶ ಚತುರ್ಥಿಗೋ ಈದ್ ಮಿಲಾದಿಗೋ ಒಂದು ವಾರವಿದೆ ಎನ್ನುವಾಗ ಠಾಣೆಯಿಂದ ಫೋನು: ‘ಸಾರ್, ನಾಳೆ ಸಂಜೆ ನಾಲ್ಕಕ್ಕೆ ಶಾಂತಿ ಸಭೆ, ತಪ್ಪದೆ ಬರಬೇಕು.’ ವೇದಿಕೆಯ ಮೇಲೆ ಡಿವೈಎಸ್‌ಪಿ, ತಹಶೀಲ್ದಾರರು, ಪುರಸಭೆ ಮುಖ್ಯಾಧಿಕಾರಿ, ವಿದ್ಯುತ್ ಕಂಪನಿಯ ಎಂಜಿನಿಯರು. ಕೆಳಗೆ ಎರಡೂ ಕೋಮಿನ ಮುಖಂಡರು, ಹೋದ ವರ್ಷದವರೇ, ಹೋದ ವರ್ಷದ ಕುರ್ಚಿಗಳಲ್ಲೇ. ‘ನಮ್ಮೂರು ಸೌಹಾರ್ದಕ್ಕೆ ಹೆಸರಾದ ಊರು’ ಎಂದು ಒಬ್ಬರು, ‘ನಾವೆಲ್ಲ ಅಣ್ಣತಮ್ಮಂದಿರಂತೆ ಇದ್ದೇವೆ’ ಎಂದು ಇನ್ನೊಬ್ಬರು. ಡಿಜೆ ಬೇಡ, ಮೆರವಣಿಗೆಯ ದಾರಿ ಬದಲಿಸಬೇಡಿ, ಮಸೀದಿ ಮುಂದೆ ನಿಲ್ಲಬೇಡಿ, ಹತ್ತರೊಳಗೆ ವಿಸರ್ಜನೆ ಮುಗಿಸಿ ಎಂದು ಇನ್‌ಸ್ಪೆಕ್ಟರ್. ಟೀ, ಬಿಸ್ಕತ್ತು, ಗ್ರೂಪ್ ಫೋಟೊ. ಹೆಂಗಸರು ಇಬ್ಬರಿದ್ದರೆ ಹೆಚ್ಚು. ಇದ್ದರೂ ಪುರಸಭೆ ಸದಸ್ಯೆಯ ಪರವಾಗಿ ಅವರ ಯಜಮಾನರೇ ಮಾತಾಡಿರುತ್ತಾರೆ. ಹಬ್ಬ ಮುಗಿದರೆ ಸಮಿತಿಯೂ ಮುಗಿಯಿತು. ಹಾಲು ಉಕ್ಕುವಾಗ ನೀರು ಚಿಮುಕಿಸಿದಂತೆ, ಒಲೆ ಮಾತ್ರ ಉರಿಯುತ್ತಲೇ ಇರುತ್ತದೆ.

ಈ ಸಭೆಗಳು ವ್ಯರ್ಥ ಎನ್ನುತ್ತಿಲ್ಲ. ಮೆರವಣಿಗೆಯ ದಾರಿ, ಹೊತ್ತು ಗೊತ್ತುಪಡಿಸುವುದೂ ಆಗಬೇಕಾದ ಕೆಲಸವೇ. ಆದರೆ 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ಅಂಗಡಿಗಳು ಸುಟ್ಟವು, ಮರುವರ್ಷ ಪಕ್ಕದ ಮದ್ದೂರಿನಲ್ಲಿ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಮಂಡ್ಯದ ಕಡೆ ಇಂಥದ್ದು ನಡೆಯುವುದಿಲ್ಲ, ಅದೆಲ್ಲ ಕರಾವಳಿಯ ರೋಗ ಎಂದುಕೊಂಡಿದ್ದವರಿಗೆ ಅದು ಎಚ್ಚರಿಕೆ. ಕರಾವಳಿಯಲ್ಲಂತೂ 2025ರ ಮೇ ತಿಂಗಳ ಕೊಲೆಗಳ ನಂತರ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆಂದೇ ಕೋಮು ಹಿಂಸೆ ನಿಗ್ರಹಕ್ಕೆ ವಿಶೇಷ ಕಾರ್ಯಪಡೆ ರಚಿಸಿತು. ಕಾರ್ಯಪಡೆ ಕೊಲೆಗಾರರನ್ನು ಹಿಡಿಯಬಲ್ಲದು, ಹಿಡಿಯಲಿ. ಪಕ್ಕದ ಮನೆಯವರ ಮದುವೆಗೆ ಹೋಗಲು ಅಂಜುವವರ ಅಂಜಿಕೆ ಬಿಡಿಸುವುದು ಅದರ ಕೆಲಸವಲ್ಲ.

ನಮ್ಮಲ್ಲಿ ಒಳ್ಳೆಯ ಮನಸ್ಸಿಗೆ ಬರವಿಲ್ಲ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ ಹೊತ್ತಿ ಉರಿದಾಗ ಅಲ್ಲಿನ ಮುಸ್ಲಿಂ ಯುವಕರು ಕೈ ಕೈ ಹಿಡಿದು ಹನುಮನ ಗುಡಿಯ ಸುತ್ತ ಸರಪಳಿಯಾಗಿ ನಿಂತರು. ದೇಶವೆಲ್ಲ ಆ ವಿಡಿಯೊ ನೋಡಿ ಭೇಷ್ ಎಂದಿತು. ಮರುದಿನ ಆ ಯುವಕರನ್ನೂ ಗುಡಿಯ ಪೂಜಾರಿಯನ್ನೂ ಬೀದಿಯ ಅಂಗಡಿಯವರನ್ನೂ ಕೂರಿಸಿ, ಮುಂದಿನ ವಾರವೂ ಕೂರೋಣ ಎನ್ನುವ ವ್ಯವಸ್ಥೆ ನಮ್ಮ ಯಾವ ಊರಿನಲ್ಲಿದೆ? ಒಳ್ಳೆಯತನವನ್ನು ವಿಡಿಯೊ ಮಾಡುವಲ್ಲಿ ನಾವು ಜಾಣರು. ಅದಕ್ಕೊಂದು ರಿಜಿಸ್ಟರು, ಒಂದು ದಿನ, ಒಂದು ಜಾಗ ಗೊತ್ತುಮಾಡುವಲ್ಲಿ ಸೋಮಾರಿಗಳು.

ಇದನ್ನು ಸ್ವಯಂಸೇವಾ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳುವುದೂ ಬೇಡ. ಮೂರು ವರ್ಷದ ಪ್ರಾಜೆಕ್ಟು, ಬ್ಯಾನರಿಗೆ ಬಜೆಟ್ಟು, ಹೋಟೆಲಿನಲ್ಲಿ ಕಾರ್ಯಾಗಾರ, ಕೊನೆಗೊಂದು ವರದಿ. ಹಣ ನಿಂತ ದಿನ ಬಾಗಿಲಿಗೆ ಬೀಗ. ಸಮಿತಿ ಠಾಣೆಯ ದಲ್ಲಾಳಿಗಳ ಕೈಗೆ ಸಿಕ್ಕರೆ ಇನ್ನೂ ಕೆಟ್ಟದ್ದು. ‘ನಾನು ಶಾಂತಿ ಸಮಿತಿ ಮೆಂಬರು’ ಎಂದು ಕಾರಿಗೆ ಬೋರ್ಡು ಹಾಕಿಕೊಂಡು, ಕೇಸು ಮುಗಿಸಿಕೊಡುತ್ತೇನೆಂದು ವಸೂಲಿಗಿಳಿಯುವವರು, ಬೇರೆ ಧರ್ಮದ ಹುಡುಗ ಹುಡುಗಿ ಮಾತಾಡಿದರೆ ಪಂಚಾಯಿತಿ ಕೂರಿಸುವವರು ಸಮಿತಿಯ ಹೆಸರಿನಲ್ಲೇ ಹುಟ್ಟಿಕೊಳ್ಳಬಹುದು. ಅದಕ್ಕೇ ಖೋಪಡೆ ಅವರ ನಿಯಮ ಮುಖ್ಯ: ಪುಢಾರಿ ಬೇಡ, ಪುಂಡ ಬೇಡ. ನನ್ನದೊಂದು ಸೇರಿಸುತ್ತೇನೆ: ಅಪರಾಧದ ಕೇಸನ್ನು ರಾಜಿ ಮಾಡಿಸುವ ಅಧಿಕಾರ ಸಮಿತಿಗೆ ಯಾವತ್ತೂ ಬೇಡ.

ಹಾಗಾದರೆ ಏನು ಮಾಡಬಹುದು? ದೊಡ್ಡ ಕಾನೂನೂ ಬೇಡ, ಹೊಸ ಇಲಾಖೆಯೂ ಬೇಡ. ವಾರ್ಡಿಗೊಂದು ಸಮಿತಿ, ತಿಂಗಳಿಗೊಂದು ದಿನ, ಹಬ್ಬವಿರಲಿ ಬಿಡಲಿ. ಅರ್ಧದಷ್ಟು ಹೆಂಗಸರು, ಯಾಕೆಂದರೆ ನಲ್ಲಿ, ನ್ಯಾಯಬೆಲೆ ಅಂಗಡಿ, ಶಾಲೆಯ ಗೇಟಿನ ಸುದ್ದಿ ಮೊದಲು ತಿಳಿಯುವುದು ಅವರಿಗೆ. ಮುಖಂಡರ ಬದಲು ಆಟೊ ನಿಲ್ದಾಣದವರು, ಹೂವಿನವರು, ಕಟಿಂಗ್ ಶಾಪಿನವರು, ಮೀನು ಮಾರುಕಟ್ಟೆಯವರು, ಕಾಲೇಜು ಹುಡುಗರು ಇರಲಿ. ಉತ್ತರ ಕರ್ನಾಟಕದಿಂದಲೋ ಬಿಹಾರದಿಂದಲೋ ದುಡಿಯಲು ಬಂದು ಶೆಡ್ಡಿನಲ್ಲಿರುವವರೂ ಇರಲಿ, ಸೂರತ್ತನ್ನು ಮರೆಯಬಾರದು. ಬೀಟ್ ಪೊಲೀಸರು ಬಂದು ಎಲ್ಲರ ಜೊತೆ ಚಾಪೆಯ ಮೇಲೆ ಕೂರಲಿ. ಮೊದಲ ಅರ್ಧಗಂಟೆ ಕಸ, ಚರಂಡಿ, ಬೀದಿದೀಪ. ನಂತರ ಆ ತಿಂಗಳು ವಾಟ್ಸ್‌ಆ್ಯಪಿನಲ್ಲಿ ಬಂದ ಸುದ್ದಿಗಳಲ್ಲಿ ನಿಜ ಯಾವುದು, ಕಟ್ಟಿದ್ದು ಯಾವುದು ಎಂಬ ಚರ್ಚೆ. ಇಬ್ಬರ ನಡುವಿನ ಮನಸ್ತಾಪವೇನಾದರೂ ಇದ್ದರೆ ಕೊನೆಗೆ.

ಇದರಲ್ಲಿ ವೀರಾವೇಶವಿಲ್ಲ, ಬೇಸರ ಬೇಕಾದಷ್ಟಿದೆ. ಆರು ತಿಂಗಳು ಚರಂಡಿಯ ಮಾತೇ ಆಗುತ್ತದೆ. ಏಳನೆಯ ತಿಂಗಳು ‘ಇಲ್ಲಿ ಏನೂ ನಡೆಯುತ್ತಿಲ್ಲ, ಯಾಕೆ ಸೇರಬೇಕು’ ಎಂದು ಅರ್ಧ ಮಂದಿ ಬರುವುದಿಲ್ಲ. ಏನೂ ನಡೆಯದಿರುವುದೇ ಸಮಿತಿಯ ಫಲ ಎಂದು ಅವರಿಗೆ ತಿಳಿಹೇಳುವುದು ಕಷ್ಟದ ಕೆಲಸ. ಗಲಭೆ ತಡೆದವರಿಗೆ ಪದಕ ಸಿಗುವುದೂ ಅಪರೂಪ. ನಡೆಯದ ಗಲಭೆಗೆ ಎಫ್‌ಐಆರ್ ಇರುವುದಿಲ್ಲವಲ್ಲ.

ಹಾಗಾಗಿ ಒಂದು ಸಣ್ಣ ಕೋರಿಕೆ. ಮುಂದಿನ ಹಬ್ಬಕ್ಕೆ ಶಾಂತಿ ಸಭೆಗೆ ಕರೆ ಬಂದರೆ ತಪ್ಪದೆ ಹೋಗಿ. ಮನೆಯ ಹೆಂಗಸರನ್ನೂ, ಓಣಿಯ ಇಬ್ಬರು ಹುಡುಗರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಭಾಷಣ ಕೇಳಿ, ಟೀ ಕುಡಿಯಿರಿ, ಫೋಟೊಗೂ ನಿಲ್ಲಿ. ಎಲ್ಲ ಮುಗಿದು ಎದ್ದೇಳುವ ಮೊದಲು ಇನ್‌ಸ್ಪೆಕ್ಟರನ್ನು ಒಂದೇ ಪ್ರಶ್ನೆ ಕೇಳಿ: ‘ಸಾರ್, ಹಬ್ಬ ಮುಗಿದ ಮೇಲಿನ ಸಭೆ ಯಾವತ್ತು?’ ತಾರೀಖು ಹೇಳಿದರೆ ಬರೆದುಕೊಂಡು ಬನ್ನಿ. ಹೇಳದಿದ್ದರೆ ನೀವೇ ಒಂದು ತಾರೀಖು ಹೇಳಿ, ಅವರನ್ನೂ ಕರೆಯಿರಿ.